ಮನೆಯಲ್ಲಿ ಈಗ ಯಾವ ಪ್ಲೇಟು ತಿರುಗುತ್ತಿದೆ? (ಎಲ್‌ಪಿ, 78 ಸುತ್ತಿನ ಹಳೆಯ ತಟ್ಟೆ, ಕ್ಯಾಸೆಟ್ ಎಲ್ಲಕ್ಕೂ ಸ್ವಾಗತ)

ಕಪ್ಪು_ಒಂದು:
ಬರೀ ಹೆಸರಿನ ಪಟ್ಟಿ ಬೇಡ. ಏನು ಕೇಳುತ್ತಿದ್ದೀರಿ, ಯಾವ ಮುದ್ರಣ, ಯಾವ ಸೂಜಿ ಅಥವಾ ಯಾವ ಡೆಕ್, ಎಲ್ಲಿ ಕೆಡುತ್ತಿದೆ ಅನ್ನೋದನ್ನೂ ಬರೆಯಿರಿ. ಆಗ ಓದಿದವರಿಗೆ ಏನಾದರೂ ಸಿಗುತ್ತೆ.

ನನ್ನ ಕಡೆಯಿಂದ: ಮಲ್ಲಿಕಾರ್ಜುನ ಮನ್ಸೂರರ ಎಚ್‌ಎಂವಿ ಎಲ್‌ಪಿಗಳು. ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಅವರಷ್ಟು ಸಲೀಸಾಗಿ ಹಾಡಿದವರು ಕಡಿಮೆ. ರಾಗದ ಹೆಸರು ನೋಡಿ ಹೆದರಬೇಕಾಗಿಲ್ಲ, ಎರಡನೇ ಆವರ್ತನಕ್ಕೇ ದಾರಿ ತೋರಿಸಿಬಿಡ್ತಾರೆ. ಆಡಿಯೊ-ಟೆಕ್ನಿಕಾ ಎಲ್‌ಪಿ120 ಪ್ಲೇಯರ್, ವಿಎಂ95ಇ ಕಾರ್ಟ್ರಿಜ್ (ಸೂಜಿ ಕೂರುವ ತಲೆ), ಪ್ಲೇಟಿನ ಮೇಲೆ ಸೂಜಿಯ ಭಾರ 2.0 ಗ್ರಾಂ.

ತೊಂದರೆ: ಬದಿಯ ಮೊದಲ ಹದಿನೈದು ನಿಮಿಷ ಸ್ವಚ್ಛ. ಕೊನೆಯ ಮೂರು ನಾಲ್ಕು ನಿಮಿಷದಲ್ಲಿ ದ್ರುತದ (ವೇಗದ ಭಾಗದ) ತಾನು, ಅಂದರೆ ಸ್ವರಗಳ ಓಟ, ಶುರುವಾದ ಕೂಡಲೇ ದನಿ ಸೀಳುತ್ತೆ. ಎರಡೂ ಬದಿಯಲ್ಲಿ ಹೀಗೇ. ಪ್ಲೇಟು ಸವೆದಿದೆಯೋ, ಸೂಜಿಯ ಜೋಡಣೆ ತಪ್ಪಿದೆಯೋ ಪತ್ತೆ ಹಚ್ಚೋದು ಹೇಗೆ?

ಜವಾರಿ_ಹುಬ್ಬಳ್ಳಿ:
ಖಯಾಲ್ ಕೇಳೋರಿಗೆಲ್ಲಾ ಇದು ಬರೋ ತಾಪತ್ರಯನ ರೀ. ಲೆಕ್ಕಾ ಮಾಡಿ ನೋಡ್ರಿ. 12 ಇಂಚಿನ ಪ್ಲೇಟಿನಾಗ ಹೊರಗಿನ ಗೆರಿ ನಡುವಿನಿಂದ ಸುಮಾರು 146 ಮಿಮೀ ದೂರ ಇರ್ತದ. ನಿಮಿಷಕ್ಕ 33⅓ ಸುತ್ತಿನ ವೇಗದಾಗ ಅಲ್ಲಿ ಸೂಜಿ ಕೆಳಗ ಸೆಕೆಂಡಿಗೆ 51 ಸೆಂಮೀ ಗೆರಿ ಓಡ್ತದ. ಲೇಬಲ್ಲಿನ ಹತ್ರ, 60 ಮಿಮೀಗೆ ಬಂದಾಗ ಬರೇ 21 ಸೆಂಮೀ. ಅಷ್ಟೇ ಹೊತ್ತಿನ ಹಾಡು ಅರ್ಧಕ್ಕಿಂತ ಕಡಿಮಿ ಜಾಗಾದಾಗ ಕುಂದರಬೇಕು. ಗೆರಿಯ ಅಂಕುಡೊಂಕು ಒತ್ತಾಗ್ತದ, ಸಾದಾ ಸೂಜಿ ತುದಿ ಅದರ ಒಳಗ ಇಳಿಯೂದುಲ್ಲ.

ಪಾಪ್ ಸಂಗೀತದ ಮಂದಿ ಬದಿಯ ಕೊನಿಗೆ ಮೆಲ್ಲಗಿನ ಹಾಡು ಹಾಕಿ ತಪ್ಪಿಸ್ಕೊಂತಿದ್ರು. ನಮ್ಮ ಖಯಾಲ್ ಉಲ್ಟಾ ಅದ. ವಿಲಂಬಿತ್ (ನಿಧಾನದ ಭಾಗ) ಹೊರಗ, ಆರಾಮ ಜಾಗಾದಾಗ; ದ್ರುತ, ತಾನು, ಎತ್ತರದ ಷಡ್ಜ ಎಲ್ಲಾ ಒಳಗ, ಇಕ್ಕಟ್ಟಿನಾಗ. ಬಡಾ ಖಯಾಲ್ ಮೊದಲ, ಛೋಟಾ ಖಯಾಲ್ ಆಮ್ಯಾಲೆ ಅಂತ ಹಾಡೋ ಪದ್ಧತಿನ ಇರೋತನಕ ಇದು ಹಿಂಗ.

ಸವೆತ ಹೌದೋ ಅಲ್ಲೋ ನೋಡೂದು ಹಿಂಗ:

ಸೂಜಿ ತುದಿ ಮೊದಲ ಸ್ವಚ್ಛ ಮಾಡ್ರಿ. ಒಣ ಬ್ರಷ್, ಹಿಂದಿನಿಂದ ಮುಂದಕ್ಕ ಅಷ್ಟ, ಅಡ್ಡ ಎಳೀಬ್ಯಾಡ್ರಿ. ಭಾರ 2.0 ಇದ್ದದ್ದು 2.2 ಮಾಡ್ರಿ (ವಿಎಂ95ಇ ಮಿತಿ 1.8 ರಿಂದ 2.2). ಸೀಳೂದು ಕಡಿಮಿ ಆತಂದ್ರ ಪ್ಲೇಟು ಗಟ್ಟಿ ಅದ, ಸೂಜಿಗೆ ಹಿಡಿತ ಸಾಲವಲ್ದು. ಏನೂ ಬದಲಾಗಲಿಲ್ಲಂದ್ರ ಮುಂದ ಹೋಗ್ರಿ. ಒಂದೇ ಕಿವಿಯಾಗ ಸೀಳಿದ್ರ ಆ್ಯಂಟಿ-ಸ್ಕೇಟಿಂಗ್ (ಸೂಜಿ ಒಳಗ ಜಗ್ಗದಂಗ ತಡೆಯೋ ಹೊಂದಾಣಿಕಿ) ನೋಡ್ರಿ: ಬಲಗಡೆ ಸೀಳಿದ್ರ ಹೆಚ್ಚಿಸ್ರಿ, ಎಡಗಡೆ ಸೀಳಿದ್ರ ಇಳಿಸ್ರಿ. ಎರಡೂ ಕಿವಿಯಾಗ ಒಂದೇ ಸಮ ಸೀಳಿದ್ರ ಕಾರ್ಟ್ರಿಜ್ ಕೋನ ತಪ್ಪಿರ್ತದ, ಇಲ್ಲಾಂದ್ರ ಹಳೇ ಮಾಲಕರು ಭಾರೀ ತೂಕದ ಸೂಜಿಯಾಗ ಉತ್ತು ಬಿಟ್ಟಿರ್ತಾರ.

ಕಪ್ಪು_ಒಂದು:
2.2ಕ್ಕೆ ಏರಿಸಿದರೆ ಸ್ವಲ್ಪ ಸುಧಾರಿಸುತ್ತೆ, ಪೂರ್ತಿ ಹೋಗಲ್ಲ. ಎರಡೂ ಚಾನೆಲ್‌ನಲ್ಲಿ ಇದೆ. ಜೋಡಣೆಯನ್ನು ಡಬ್ಬಿಯಲ್ಲಿ ಬಂದ ಹಾಗೇ ಬಿಟ್ಟಿದ್ದೇನೆ.

ಜವಾರಿ_ಹುಬ್ಬಳ್ಳಿ:
ಹಂಗಾರ ಎರಡು ಕೆಲಸ.

ಒಂದು, ಪ್ರೊಟ್ರಾಕ್ಟರ್ (ಕೋನ ಅಳಿಯೋ ಹಾಳಿ) ಇಟ್ಟು ಕಾರ್ಟ್ರಿಜ್ ಕೋನ ತಿದ್ದೂದು. ಕಾರ್ಟ್ರಿಜ್ ಹೊತ್ತ ಪ್ಲೇಯರಿನ ಕೈ ಕಮಾನಿನಂಗ ತಿರುಗ್ತದ, ಹಿಂಗಾಗಿ ಸೂಜಿ ಗೆರಿಗೆ ಪೂರಾ ನೇರ ಆಗೂದು ಎರಡ ಜಾಗಾದಾಗ. ಬಾಯರ್‌ವಾಲ್ಡ್ ಲೆಕ್ಕದಾಗ ಆ ಎರಡು ಬಿಂದು 66.0 ಮತ್ತ 120.9 ಮಿಮೀ. ಸ್ಟೀವನ್ಸನ್ ಲೆಕ್ಕದಾಗ 60.3 ಮತ್ತ 117.4. ಬಾಯರ್‌ವಾಲ್ಡ್ ಇಡೀ ಬದಿಗೆ ಸರಾಸರಿ ಚಲೋ. ಸ್ಟೀವನ್ಸನ್ ಒಳಗಿನ ತುದಿಗೆ ಪಕ್ಷಪಾತಿ, ನಡುವ ಸ್ವಲ್ಪ ದೋಷ ಜಾಸ್ತಿ. ಖಯಾಲ್ ಪ್ಲೇಟ ಹೆಚ್ಚು ಇದ್ದವರು ಕಣ್ಣುಮುಚ್ಚಿ ಸ್ಟೀವನ್ಸನ್ ಹಾಕ್ಕೊಳ್ರಿ. ವಿಲಂಬಿತ್‌ನಾಗ ಸಣ್ಣ ದೋಷ ಕಿವಿಗೆ ಬೀಳೂದುಲ್ಲ, ತಾನಿನಾಗ ಬೀಳ್ತದ.

ಪ್ರೊಟ್ರಾಕ್ಟರ್ ಕಾಗದದ ಮ್ಯಾಲೆ ಮುದ್ರಿಸಿದ್ರ ಮೊದಲ ಸ್ಕೇಲ್ ಹಿಡಿದು ಅಳೀರಿ. ಪ್ರಿಂಟರ್ 'ಹಾಳೆಗೆ ಹೊಂದಿಸು' ಅಂತ 3-4% ಕುಗ್ಗಿಸಿಬಿಡ್ತದ, ಆಮ್ಯಾಲೆ ಎಲ್ಲಾ ಅಳತಿ ಸುಳ್ಳು.

ಎರಡು, ಸೂಜಿ. ವಿಎಂ95ರ ಮೈ ಒಂದ, ತುದಿ ಬ್ಯಾರೆ ಬ್ಯಾರೆ ಸಿಗ್ತಾವ, ಎಳೆದು ತಗದು ಇನ್ನೊಂದು ಚುಚ್ಚೂದು ಅಷ್ಟ. ಎಂಎಲ್ ತುದಿ (ಮೈಕ್ರೊಲೀನಿಯರ್) ಹಾಕ್ರಿ. ತುದಿ ಅಂಚು ತೆಳ್ಳಗ ಇರ್ತದ, ಹಳೇ ದುಂಡು ಸೂಜಿ ಸವೆಸಿದ ಜಾಗಾ ಬಿಟ್ಟು ಗ್ವಾಡಿಯ ಬ್ಯಾರೆ ಭಾಗ ಮುಟ್ಟತದ. ಆಯುಷ್ಯಾನೂ ಹೆಚ್ಚು: ಕಂಪನಿ ಲೆಕ್ಕದಾಗ ದೀರ್ಘವೃತ್ತದ ತುದಿಗೆ 300 ತಾಸು, ಎಂಎಲ್‌ಗೆ 1000. ಬೆಲಿ ಭಾಗಿಸಿ ನೋಡಿದ್ರ ತುಟ್ಟಿ ಅಲ್ಲ.

ಹೊಸಬ_33:
ಮಧ್ಯೆ ಬಾಯಿ ಹಾಕ್ತಾ ಇದೀನಿ, ಕ್ಷಮಿಸಿ. ನನ್ನದು ಸೂಟ್‌ಕೇಸ್ ಥರದ ಪ್ಲೇಯರ್, ಸ್ಪೀಕರ್ ಒಳಗೇ ಇದೆ. ಭೀಮಸೇನ ಜೋಶಿ ಅವರ ಹಳೆಯ ಎಲ್‌ಪಿಗಳು ಮನೆಯಲ್ಲಿವೆ. ಹಾಕಬಹುದಾ?

ಕಪ್ಪು_ಒಂದು:
ಹಾಕಬಹುದು, ನಾನಾದರೆ ಹಾಕಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತೆ, ಭಾರ 5 ಗ್ರಾಂ ಆಸುಪಾಸು, ತಿದ್ದೋಕೆ ಹಿಂಬದಿ ತೂಕ ಇಲ್ಲ, ಆ್ಯಂಟಿ-ಸ್ಕೇಟಿಂಗ್ ಇಲ್ಲ. ಸ್ಪೀಕರ್ ಅದೇ ಪೆಟ್ಟಿಗೆಯಲ್ಲಿ ಇರೋದರಿಂದ ಅದರ ನಡುಕ ಸೂಜಿಗೆ ವಾಪಸ್ ಬರುತ್ತೆ. ಮಂದ್ರದಲ್ಲಿ ಗುಂಯ್ ಅನ್ನೋದು ಅದಕ್ಕೇ. ಭೀಮಸೇನರ ಮಂದ್ರ ಸಪ್ತಕ ಕೇಳೋಕೆ ಅದು ಸಾಧನವೇ ಅಲ್ಲ. ಖರ್ಚು ಕಡಿಮೆ ಇರಬೇಕಂದರೆ ಆಡಿಯೊ-ಟೆಕ್ನಿಕಾದ ಎಲ್‌ಪಿ60 ಪ್ಲೇಯರ್ ನೋಡಿ. ಅದರಲ್ಲೂ ಕಾರ್ಟ್ರಿಜ್ ಬದಲಿಸೋಕಾಗಲ್ಲ, 78 ವೇಗ ಇಲ್ಲ, ಆದರೆ ಪ್ಲೇಟಿಗೆ ಕೇಡು ಮಾಡಲ್ಲ.

ಕವರ್ ಮೇಲಿನ ಸಂಖ್ಯೆ ಏನಿದೆ? ಭಾರತದ ಎಚ್‌ಎಂವಿಯಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಅಂತ ಶುರುವಾದರೆ ಮೊನೊ. ಇಎಎಸ್‌ಡಿ, ಇಸಿಎಸ್‌ಡಿ ಆದರೆ ಸ್ಟೀರಿಯೊ.

ಹೊಸಬ_33:
ಮೂರು ಇಎಎಲ್‌ಪಿ, ಒಂದು ಇಎಎಸ್‌ಡಿ. ಮೊನೊ ಆದರೆ ಏನಾದರೂ ಬೇರೆ ಮಾಡಬೇಕಾ?

ಕಪ್ಪು_ಒಂದು:
ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ. ಮೊನೊ ಪ್ಲೇಟಿನಲ್ಲಿ ಹಾಡು ಇರೋದು ಸೂಜಿಯ ಅಡ್ಡ ಚಲನೆಯಲ್ಲಿ ಮಾತ್ರ. ಸ್ಟೀರಿಯೊ ಕಾರ್ಟ್ರಿಜ್ ಮೇಲೆ ಕೆಳಗಿನ ಚಲನೆಯನ್ನೂ ಓದುತ್ತೆ, ಅಲ್ಲಿ ಬರೀ ಧೂಳು, ಗೀರು, ಮೋಟರಿನ ಗುಡುಗು. ಎರಡೂ ಚಾನೆಲ್ ಕೂಡಿಸಿದರೆ ಅದೆಲ್ಲ ಒಂದನ್ನೊಂದು ರದ್ದು ಮಾಡುತ್ತೆ. ತಂಬೂರಿಯ ಹಿಂದಿನ ಸರಸರ ಎದ್ದು ಕಾಣುವಷ್ಟು ಇಳಿಯುತ್ತೆ. ಗುಂಡಿ ಇಲ್ಲದಿದ್ದರೆ ವೈ ಕೇಬಲ್ಲಿನಿಂದ ಕೂಡಿಸಬಹುದು, ಆದರೆ ಕಾರ್ಟ್ರಿಜ್ ಮತ್ತು ಫೋನೊ ಪ್ರಿಆಂಪ್ (ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ನಡುವೆ ಮಾತ್ರ. ಪ್ರಿಆಂಪ್ ಆದಮೇಲಿನ ಎರಡು ಔಟ್‌ಪುಟ್‌ಗಳನ್ನು ನೇರ ಸೇರಿಸಿದರೆ ಒಂದು ಇನ್ನೊಂದನ್ನು ಎಳೆದಾಡಿ ವಿಕಾರ ಮಾಡುತ್ತೆ.

ಮೈಸೂರು_ಮೀಟು:
ಇಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಮೈಸೂರು ಬಾನಿಯಲ್ಲಿ ಮೀಟು ಹಗುರ, ಎರಡು ಮೀಟುಗಳ ನಡುವಿನ ಜಾಗ ದೊಡ್ಡದು. ಆ ಜಾಗದಲ್ಲಿ ನಾದ ಇಳಿಯುವುದನ್ನು ಕೇಳುವುದೇ ಸುಖ. ಅದೇ ಕಾರಣಕ್ಕೆ ಪ್ಲೇಯರಿನ ಎಲ್ಲ ದೋಷವೂ ಅಲ್ಲೇ ಸಿಕ್ಕಿಬೀಳುತ್ತದೆ. ಗಾಯನದಲ್ಲಿ ಕಂಪಿತದ ಮರೆಯಲ್ಲಿ ಅಡಗುವ ಅಲುಗಾಟ ವೀಣೆಯ ಉದ್ದನೆಯ ನಾದದಲ್ಲಿ ಅಡಗುವುದಿಲ್ಲ.

ಹಲವು ಹಳೆಯ ಮುದ್ರಣಗಳಲ್ಲಿ ನಡುವಿನ ತೂತು ನಡುವಿನಲ್ಲಿಲ್ಲ. ಬದಿ ಮುಗಿದ ಮೇಲೆ ಕೊನೆಯ ಗೆರೆಯಲ್ಲಿ ಸೂಜಿ ಸುತ್ತುವಾಗ ಕೈಯನ್ನು ಪಕ್ಕದಿಂದ ನೋಡಿ. ಸುತ್ತಿಗೊಮ್ಮೆ ಎಡಬಲ ತೂಗಿದರೆ ತೂತು ಪಕ್ಕಕ್ಕೆ ಸರಿದಿದೆ. 1 ಮಿಮೀ ಸರಿದಿದ್ದರೆ 100 ಮಿಮೀ ತ್ರಿಜ್ಯದಲ್ಲಿ ವೇಗ ±1% ಏರಿಳಿಯುತ್ತದೆ, ಶ್ರುತಿಯಲ್ಲಿ ±17 ಸೆಂಟ್ (ಹಾರ್ಮೋನಿಯಂನ ಒಂದು ಮನೆಗೆ 100 ಸೆಂಟ್). 60 ಮಿಮೀಗೆ ಬಂದಾಗ ±29 ಸೆಂಟ್. ಸುತ್ತಿಗೆ 1.8 ಸೆಕೆಂಡು, ಆದ್ದರಿಂದ ನಿಧಾನವಾದ ಒಂದು ಓಲಾಟ. ಶ್ರುತಿ ಪೆಟ್ಟಿಗೆ ಹಚ್ಚಿ ಜೊತೆಗೆ ಕೇಳಿದರೆ ಎರಡು ನಿಮಿಷವೂ ಕೂರಲಾಗದು.

ಪರಿಹಾರ: ಕೈ ರೀಮರಿನಿಂದ ತೂತನ್ನು ಸರಿದ ದಿಕ್ಕಿಗೆ ವಿರುದ್ಧವಾಗಿ ಕೂದಲೆಳೆಯಷ್ಟು ಹಿಗ್ಗಿಸಿ, ಕಣ್ಣಳತೆಯಲ್ಲಿ ಕೂರಿಸಿ, ಮತ್ತೆ ಕೈಯ ತೂಗಾಟ ನೋಡುವುದು. ಡ್ರಿಲ್ ಬೇಡವೇ ಬೇಡ, ಕಚ್ಚಿಕೊಂಡರೆ ಲೇಬಲ್ ಹರಿದು ಬಿರುಕು ಬಿಡುತ್ತದೆ. ಅಪರೂಪದ ಪ್ಲೇಟಿಗೆ ಇದನ್ನೂ ಮಾಡಬೇಡಿ, ಡಿಜಿಟಲ್ ಪ್ರತಿ ಹುಡುಕಿ.

ಎಡಿಸನ್_ಕನ್ನಡಿಗ:
ನ್ಯೂಜೆರ್ಸಿಯಿಂದ ಊರಿಗೆ ಹಳೆಯ ಟರ್ನ್‌ಟೇಬಲ್ ಹೊತ್ತು ಬರೋರು ಬಹಳ ಜನ ಇದ್ದಾರೆ, ಅವರಿಗಾಗಿ ಇದು. 'ಟ್ರಾನ್ಸ್‌ಫಾರ್ಮರ್ ಹಾಕಿದ್ದೀನಿ, 110 ವೋಲ್ಟ್ ಸರಿಯಾಗಿ ಬರ್ತಿದೆ, ಆದ್ರೂ ಗಂಗೂಬಾಯಿ ಗಂಡಸಿನ ಹಾಗೆ ಹಾಡ್ತಾರೆ' ಅನ್ನೋ ಪ್ರಶ್ನೆ ಪದೇ ಪದೇ ಬರುತ್ತೆ. (ಗಂಗೂಬಾಯಿ ಅವರ ವಿಷಯದಲ್ಲಿ ಪ್ರಶ್ನೆ ಅಷ್ಟು ಸುಲಭ ಅಲ್ಲ, ಕೆಳಗೆ ಯಾರಾದರೂ ಬರೀತೀರಿ ಅಂತ ಗೊತ್ತು.)

ಹಳೆಯ ಬೆಲ್ಟ್ ಡ್ರೈವ್‌ಗಳಲ್ಲಿ ಎಸಿ ಸಿಂಕ್ರೊನಸ್ ಮೋಟರ್ ಇರುತ್ತೆ. ಅದರ ವೇಗ ವೋಲ್ಟೇಜಿನ ಮೇಲೆ ನಿಂತಿಲ್ಲ, ಆವರ್ತನದ ಮೇಲೆ ನಿಂತಿದೆ. ಅಮೆರಿಕದಲ್ಲಿ 60 ಹರ್ಟ್ಜ್, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ಆವರ್ತನ ಬದಲಿಸಲ್ಲ. ಹಾಗಾಗಿ 33⅓ ತಿರುಗಬೇಕಾದ್ದು 27.8 ತಿರುಗುತ್ತೆ, ಶ್ರುತಿ ಮೂರು ಮನೆಗಿಂತ ಸ್ವಲ್ಪ ಹೆಚ್ಚೇ ಕೆಳಗೆ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಕೀಲಿ) ಹಾಡಿದವರು ಬಿಳಿ ಆರಕ್ಕೂ ಕಪ್ಪು ಐದಕ್ಕೂ ನಡುವೆ ಎಲ್ಲೋ ನಿಂತಿರ್ತಾರೆ. ದಾರಿ ಎರಡು: 50 ಹರ್ಟ್ಜ್‌ನ ಪುಲ್ಲಿ (ವ್ಯಾಸ 1.2 ಪಟ್ಟು), ಅಥವಾ 60 ಹರ್ಟ್ಜ್ ಹುಟ್ಟಿಸುವ ವಿದ್ಯುತ್ ಪೆಟ್ಟಿಗೆ. ಡಿಸಿ ಮೋಟರಿನ ಪ್ಲೇಯರ್ ಆದರೆ ಈ ತಲೆನೋವಿಲ್ಲ, ಅಡಾಪ್ಟರ್ ಬದಲಿಸಿದರೆ ಸಾಕು.

ವೇಗ ಸರಿಯಿದೆಯೇ ಅಂತ ನೋಡುವ ಗೆರೆಗಳ ಸ್ಟ್ರೋಬ್ ಚಕ್ರವನ್ನು ಇಳಿಸಿಕೊಂಡು ಮುದ್ರಿಸುವವರೂ ನೋಡಿ: 33⅓ಕ್ಕೆ 50 ಹರ್ಟ್ಜ್‌ನಲ್ಲಿ 180 ಗೆರೆ ಇರಬೇಕು, 60ರಲ್ಲಿ 216. 78ಕ್ಕೆ 50 ಹರ್ಟ್ಜ್‌ನಲ್ಲಿ 77 ಗೆರೆ, ಅದು ನಿಜದಲ್ಲಿ 77.92 ತೋರಿಸುತ್ತೆ. ಈಗಿನ ಬಹಳಷ್ಟು ಎಲ್‌ಇಡಿ ಬಲ್ಬುಗಳ ಕೆಳಗೆ ಗೆರೆ ನಿಲ್ಲಲ್ಲ, ಬೆಳಕು ಮಿನುಗೋದೇ ಇಲ್ಲ. ನಿಯಾನ್ ಟೆಸ್ಟರ್ ಬಲ್ಬ್ ಅಥವಾ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಬೇಕು.

ಕಪ್ಪು_ಒಂದು:
ಇನ್ನೊಂದು ಸೇರಿಸ್ತೀನಿ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಎಲ್‌ಪಿ ಹಾಕಬೇಡಿ. ಅಗ್ಗದ ಇನ್ವರ್ಟರ್ ಕೊಡೋದು ಚೌಕ ಅಲೆ. ಸಿಂಕ್ರೊನಸ್ ಮೋಟರ್ ಗೊರಗೊರ ಅನ್ನುತ್ತೆ, ಆ ಸದ್ದು ಸೂಜಿ ಮೂಲಕ ಸ್ಪೀಕರ್‌ಗೆ ಬರುತ್ತೆ.

ಭೋಂಗಾ:
78ರ ಮಾತು ಬಂತಲ್ಲ, ಅದಕ್ಕೇ ಕಾಯುತ್ತಿದ್ದೆ. ಈಗ ಕೇಳುತ್ತಿರುವುದು ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಾಡಿದ ದಾಖಲೆಗಳಿಂದ ಶುರುವಾದವರು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ಗತ್ತು ಅಂತ ಜನ ಅಂದುಕೊಳ್ಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾರ ಹಾಡು ಅಂತ ಅಲ್ಲಿನವರಿಗೆ ಗುರುತು ಸಿಗಲಿ ಅಂತ ಆ ಏರ್ಪಾಟು. 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದರು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

78 ಕೇಳುವವರು ತಿಳಿದಿರಬೇಕಾದ್ದು ನಾಲ್ಕು.

ಸೂಜಿ ಬೇರೆ. ಎಲ್‌ಪಿ ಸೂಜಿಯ ತುದಿ 0.7 ಮಿಲ್ (ಇಂಚಿನ ಸಾವಿರದ ಒಂದು ಭಾಗ ಒಂದು ಮಿಲ್), 78ಕ್ಕೆ ಸುಮಾರು 3 ಮಿಲ್. ಎಲ್‌ಪಿ ಸೂಜಿ ಹಾಕಿದರೆ ಅದು ಗೆರೆಯ ಗೋಡೆ ಮುಟ್ಟದೆ ತಳದ ಕಸದಲ್ಲಿ ಎಳೆದಾಡುತ್ತದೆ. ವಿಎಂ95 ಮೈಗೆ ಎಸ್‌ಪಿ ಅನ್ನುವ 78ರ ತುದಿ ಸಿಗುತ್ತದೆ, ಅದಕ್ಕೆ ಭಾರ 5 ಗ್ರಾಂ ಆಸುಪಾಸು. ಹಿಂಬದಿ ತೂಕದ ಡಯಲ್ ಅಷ್ಟು ದೂರ ಓದುವುದಿಲ್ಲ, 0.01 ಗ್ರಾಂ ತೋರಿಸುವ ಆಭರಣದ ತಕ್ಕಡಿಯಲ್ಲಿ ನೋಡಿ ಇಡಿ. ಹ್ಯಾಂಡಲ್ ತಿರುಗಿಸುವ ಗ್ರಾಮೊಫೋನ್ ಇದ್ದವರು ಒಂದು ಬದಿಗೆ ಒಂದು ಉಕ್ಕಿನ ಮುಳ್ಳು ಅನ್ನುವ ಹಳೆಯ ನಿಯಮ ಬಿಡಬೇಡಿ. ಮುಳ್ಳು ಸವೆಯಲಿ ಅಂತಲೇ ಮಾಡಿದ್ದು, ಎರಡನೇ ಸಲ ಅದು ಉಳಿ. ಅದರ ಮೇಲೆ ಎಲ್‌ಪಿ ಇಟ್ಟರೆ ಒಂದೇ ಸಲಕ್ಕೆ ಕಥೆ ಮುಗಿಯಿತು.

ವೇಗ 78 ಅಂತ ನಂಬಬೇಡಿ. 1920ರ ದಶಕದ ಕೊನೆಯವರೆಗೆ ಅದು ಗಟ್ಟಿಯಾಗಿರಲಿಲ್ಲ. 74ರಲ್ಲಿ ದಾಖಲಾದದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ 91 ಸೆಂಟ್ ಏರುತ್ತದೆ, ಹೆಚ್ಚುಕಮ್ಮಿ ಒಂದು ಮನೆ. ಹಾರ್ಮೋನಿಯಂ ಸಾಥ್ ಇದ್ದರೆ ಷಡ್ಜ ಯಾವ ಕೀಲಿಯ ಹತ್ತಿರ ಬೀಳುತ್ತದೆ ನೋಡಿ ಪಿಚ್ ಕಂಟ್ರೋಲಿನಲ್ಲಿ ಅಲ್ಲಿಗೆ ತನ್ನಿ. ಇದು ಅಂದಾಜು, ಪುರಾವೆಯಲ್ಲ. ಅದೇ ಗಾಯಕರ ಇನ್ನೂ ಎರಡು ಮೂರು ತಟ್ಟೆ ಜೊತೆಗಿಟ್ಟು ನೋಡಿದರೆ ಅಂದಾಜು ಗಟ್ಟಿಯಾಗುತ್ತದೆ.

ಗಂಗೂಬಾಯಿ ಹಾನಗಲ್ಲರ 1930ರ ದಶಕದ ತಟ್ಟೆಗಳ ಬಗ್ಗೆ ಎಚ್ಚರ. ಆಗ ಅವರದು ತೆಳುವಾದ, ಎತ್ತರದ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರವೇ ನಾವೆಲ್ಲ ಬಲ್ಲ ಆ ಗಡಸು ದನಿ ಬಂದದ್ದು. ನಂತರದ ಎಲ್‌ಪಿಗೆ ಹೋಲಿಸಿ 'ವೇಗ ಜಾಸ್ತಿಯಾಗಿದೆ' ಅಂತ 78 ಅನ್ನು ನಿಧಾನಿಸಿ ಅಂತರ್ಜಾಲಕ್ಕೆ ಏರಿಸುವವರಿದ್ದಾರೆ. ತಬಲಾದ ನಡೆ ಕೇಳಿದರೆ ಮೋಸ ಗೊತ್ತಾಗುತ್ತದೆ.

ನಾಲ್ಕನೆಯದು ಈಕ್ವಲೈಸೇಶನ್, ಅಂದರೆ ಅಚ್ಚಿನಲ್ಲಿ ಏರಿಸಿ ಇಳಿಸಿದ ಆವರ್ತನಗಳನ್ನು ಕೇಳುವಾಗ ಸರಿದೂಗಿಸುವುದು. ಈಗಿನ ಫೋನೊ ಪ್ರಿಆಂಪ್‌ಗಳೆಲ್ಲ 1954ರ ಆರ್‌ಐಎಎ ವಕ್ರರೇಖೆಯವು, ಮೇಲಿನ ತುದಿಯನ್ನು ಬಲವಾಗಿ ತಗ್ಗಿಸುತ್ತವೆ. 78ಗಳಲ್ಲಿ ಆ ತುದಿಯನ್ನು ಅಷ್ಟು ಏರಿಸಿಯೇ ಇರಲಿಲ್ಲ. ಹಾಗಾಗಿ ಎಲ್ಲ 78ಗಳೂ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತವೆ. ಟ್ರೆಬಲ್ ಗುಂಡಿ ಏರಿಸಿದರೆ ಅರ್ಧ ಸಮಾಧಾನ.

ಹೊಸಬ_33:
78 ವೇಗ ಇಲ್ಲದ ಪ್ಲೇಯರಿನಲ್ಲಿ 45ಕ್ಕೆ ಓಡಿಸಿ ಕಂಪ್ಯೂಟರಿನಲ್ಲಿ ವೇಗ ಏರಿಸಬಹುದು ಅಂತ ಓದಿದೆ. ನಿಜವಾ?

ಭೋಂಗಾ:
ನಿಜ. ಆಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ ವೇಗ ಬದಲಿಸುವ ಕಡೆ 45ರಿಂದ 78 ಅಂತಲೇ ಆಯ್ಕೆ ಇದೆ, 1.733 ಪಟ್ಟು. ಆದರೆ ಕ್ರಮ ಮುಖ್ಯ. ಪ್ರಿಆಂಪ್ ತನ್ನ ಆರ್‌ಐಎಎಯನ್ನು ನಿಧಾನ ಸದ್ದಿನ ಮೇಲೆ ಹಾಕಿರುತ್ತದೆ. ಮೊದಲು ಅದನ್ನು ಉಲ್ಟಾ ಮಾಡಿ ಅಳಿಸಿ, ಆಮೇಲೆ ವೇಗ ಏರಿಸಿ, ಕೊನೆಗೆ 78ರ ವಕ್ರರೇಖೆ ಹಾಕಿ. ಮೊದಲೇ ವೇಗ ಏರಿಸಿದರೆ ತಿದ್ದುಪಡಿ ತಪ್ಪು ಆವರ್ತನದಲ್ಲಿ ಕೂತಿರುತ್ತದೆ. ಸೂಜಿ ಮಾತ್ರ 3 ಮಿಲ್ಲಿನದೇ ಇರಬೇಕು.

ಸದ್ದು ತೆಗೆಯುವ ಫಿಲ್ಟರನ್ನು ಮುಟ್ಟಬೇಡಿ. ಅದು ಒಂದೇ ಸಮನೆ ಬರುವ ಸದ್ದನ್ನೆಲ್ಲ ಕಸ ಅಂತ ತಿಳಿಯುತ್ತದೆ, ನಮ್ಮಲ್ಲಿ ಒಂದೇ ಸಮನೆ ಬರುವುದು ತಂಬೂರಿ.

ಜವಾರಿ_ಹುಬ್ಬಳ್ಳಿ:
ಈ ಕೊನೀ ಮಾತು ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚಬೇಕು ನೋಡ್ರಿ. ತಂಬೂರಿಯ ಜವಾರಿ (ತಂತಿಯ ಝೇಂಕಾರ) ತಿಂದು ಹಾಕಿ, ಬರೇ ದನಿ ಬಿಟ್ಟ ಹಳೇ ದಾಖಲೆ ಎಷ್ಟು ಬಂದಾವೋ.

ಕಡಲತಡಿ:
ಮಂಗಳೂರಿನಿಂದ. ಇಲ್ಲಿ ಸಂಗೀತಕ್ಕಿಂತ ಮೊದಲು ಬೂಷ್ಟಿನ ಸುದ್ದಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 90%ರ ಹತ್ತಿರ ಉಂಟು. 65-70% ದಾಟಿದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಬೇಕಾದ ಊಟ ಕಾಗದದ ಕವರಿನಲ್ಲೂ ಬೆರಳಿನ ಎಣ್ಣೆಯಲ್ಲೂ ಉಂಟು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಎಲ್ಲ ಕ್ಯಾಸೆಟ್ಟಿನಲ್ಲಿ, ಉಳಿದದ್ದು ಎಲ್‌ಪಿಯಲ್ಲಿ. ಎರಡಕ್ಕೂ ಉಪಚಾರ ಬೇರೆ.

ಎಲ್‌ಪಿಯ ಒಳಗಿನ ಕಾಗದದ ಕವರ್ ಬಿಸಾಡಿ, ಎಚ್‌ಡಿಪಿಇ ಪ್ಲಾಸ್ಟಿಕ್ಕಿನದ್ದು ಹಾಕಿ. ಪಿವಿಸಿಯದ್ದು ಬೇಡ, ಅದು ಪ್ಲೇಟಿಗೇ ಮಂಜಿನಂಥ ಕಲೆ ಅಂಟಿಸುತ್ತದೆ. ಹೊರಗಿನ ಪ್ಲಾಸ್ಟಿಕ್ಕಿನ ಬಾಯಿ ತೆರೆದೇ ಇರಲಿ. ಕಪಾಟು ಗೋಡೆಯಿಂದ ಎರಡು ಇಂಚು ದೂರ. ಪ್ಲೇಟುಗಳು ನೆಟ್ಟಗೆ ನಿಲ್ಲಬೇಕು, ವಾಲಿದರೆ ಬಾಗುತ್ತವೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ ಮತ್ತೆ ಇಡಬಹುದು. ಬಾಗಿಲು ಭದ್ರವಾಗಿ ಮುಚ್ಚದ ಕಪಾಟಿನಲ್ಲಿ ಇಟ್ಟರೆ ಅದು ಇಡೀ ಊರನ್ನು ಒಣಗಿಸಲು ಹೊರಡುತ್ತದೆ.

ತೊಳೆಯುವ ನೀರು, ಒಂದು ಲೀಟರಿಗೆ: ಡಿಸ್ಟಿಲ್ಡ್ ನೀರು 800 ಮಿಲಿ, 99% ಐಸೊಪ್ರೊಪೈಲ್ ಆಲ್ಕೋಹಾಲ್ 200 ಮಿಲಿ, ಫೋಟೊ ತೊಳೆಯುವವರು ಬಳಸುವ ವೆಟಿಂಗ್ ಏಜೆಂಟ್ ನಾಲ್ಕೈದು ಹನಿ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಆಗುತ್ತದಾ ಎಂದು ನೋಡಲು ಒಂದು ಹನಿ ಕನ್ನಡಿಯ ಮೇಲೆ ಬಿಟ್ಟು ಒಣಗಿಸಿ. ಬಿಳಿ ಉಂಗುರ ಉಳಿದರೆ ಆಗುವುದಿಲ್ಲ, ಆ ಉಂಗುರವೇ ಗೆರೆಯೊಳಗೆ ಕೂತು ಚಟಪಟ ಎನ್ನುತ್ತದೆ. ಲೇಬಲ್ ನೆನೆಯದಂತೆ ಗೆರೆಯ ಗುಂಟ ಸುತ್ತಲೂ ಉಜ್ಜಿ, ಅಡ್ಡಕ್ಕೆ ಅಲ್ಲ. ಬರೀ ನೀರಿನಿಂದ ಎರಡು ಸಲ ತೊಳೆದು, ನಿಲ್ಲಿಸಿ ಅರ್ಧ ಗಂಟೆ ಒಣಗಿಸಿ. ತೊಳೆದ ಪ್ಲೇಟನ್ನು ಹಳೆಯ ಕವರಿಗೇ ಹಾಕಿದರೆ ಮಾಡಿದ ಕೆಲಸವೆಲ್ಲ ನೀರಿಗೆ.

ಭೋಂಗಾ:
78 ಇದ್ದವರು ಮೇಲಿನ ಮಿಶ್ರಣ ಮುಟ್ಟಬೇಡಿ! ಅದು ಅರಗು. ಆಲ್ಕೋಹಾಲ್ ಬಿದ್ದರೆ ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಮೃದುವಾದ ಪಾತ್ರೆ ಸೋಪು, ಬೇಗ ಉಜ್ಜಿ, ಬೇಗ ಒರೆಸಿ, ನೆನೆಸಿಡಬೇಡಿ. ಬಿರುಕು ಇದ್ದರೆ ನೀರೂ ಬೇಡ, ಒಣ ಬ್ರಷ್ ಸಾಕು.

ಹೊಸಬ_33:
ಫೆವಿಕಾಲ್ ಬಳಿದು ಸುಲಿದರೆ ಧೂಳೆಲ್ಲ ಬರುತ್ತೆ ಅಂತ ವಿಡಿಯೊ ನೋಡಿದೆ…

ಕಡಲತಡಿ:
ತತ್ವ ಸರಿ ಉಂಟು. ಬಿಳಿ ಮರದ ಅಂಟು ವಿನೈಲಿಗೆ ಅಂಟುವುದಿಲ್ಲ, ಕಸವನ್ನು ಎತ್ತಿಕೊಂಡು ಬರುತ್ತದೆ. ಆದರೆ ಪದರ ತೆಳುವಾದರೆ ಸುಲಿಯುವಾಗ ಹರಿದು ಚೂರು ಗೆರೆಯಲ್ಲೇ ಉಳಿಯುತ್ತದೆ. ಕನಿಷ್ಠ ಒಂದು ಮಿಮೀ ದಪ್ಪ, ಅಂಚಿನಲ್ಲಿ ಹಿಡಿಯಲು ಬಾಲ, ಇಡೀ ರಾತ್ರಿ ಒಣಗಬೇಕು. ಮಳೆಗಾಲದಲ್ಲಿ ಇಲ್ಲಿ ಅದು ಒಣಗುವುದೇ ಇಲ್ಲ. ಅರಗಿನ ತಟ್ಟೆಗೆ ಯಾವ ಕಾಲದಲ್ಲೂ ಬೇಡ, ಮೇಲ್ಮೈಯೇ ಎದ್ದು ಬಂದೀತು.

ರೀಲು_ಬಿಡೋನು:
ಎಲ್‌ಪಿಯವರ ಗದ್ದಲದಲ್ಲಿ ಕನ್ನಡದ ಮುಕ್ಕಾಲು ಪಾಲು ಸಂಗೀತ ಇರೋ ಜಾಗವನ್ನೇ ಮರೆತಿರಿ. ಭಾವಗೀತೆ ಮನೆ ಮನೆಗೆ ಹೋಗಿದ್ದು ಕ್ಯಾಸೆಟ್ಟಿನಲ್ಲಿ. ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ನಿಸಾರ್ ಅಹಮದರ 'ನಿತ್ಯೋತ್ಸವ' ಬಂದಿದ್ದು 1978ರಲ್ಲಿ, ಆಮೇಲೆ ಅಶ್ವಥ್ ಅವರ ಶರೀಫರ ತತ್ವಪದಗಳು. ಈಗ ಡೆಕ್‌ನಲ್ಲಿ ಓಡುತ್ತಿರೋದು ಅವೇ. ಎಷ್ಟೋ ಕ್ಯಾಸೆಟ್ಟುಗಳ ಸಾಥಿ ವಾದ್ಯ, ಮಧ್ಯದ ಸಂಗೀತ ನಂತರದ ಸಿಡಿಗಳಲ್ಲಿ ಬೇರೆ ಥರ ಕೇಳುತ್ತೆ. ಮೂಲವೇ ಬೇಕು ಅನ್ನೋರಿಗೆ ಡೆಕ್ ಬಿಟ್ಟು ಗತಿಯಿಲ್ಲ.

ಕ್ಯಾಸೆಟ್ ಮಂಕಾಗಿ ಕೇಳಿದರೆ ಟೇಪು ಹಾಳು ಅಂತ ಎಸೀಬೇಡಿ. ಹತ್ತರಲ್ಲಿ ಆರು ಏಳು ಸಲ ಅಜಿಮತ್, ಅಂದರೆ ಟೇಪು ಓದುವ ಹೆಡ್ಡಿನ ಕೋನ, ತಪ್ಪಿರುತ್ತೆ. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬ ಇರಬೇಕು. ಒಂದಿಷ್ಟು ವಾಲಿದರೂ ಮೇಲಿನ ಆವರ್ತನ ಸತ್ತುಹೋಗುತ್ತೆ, ಟೇಪು ಓಡೋದು ಸೆಕೆಂಡಿಗೆ 4.76 ಸೆಂಮೀ ಅಷ್ಟೇ ಅಲ್ವಾ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಇರುತ್ತೆ, ಸಾಮಾನ್ಯವಾಗಿ ಬಣ್ಣದ ಚುಕ್ಕೆ ಹಾಕಿ ಬಿಗಿದಿರ್ತಾರೆ. ಮೊನೊ ಗುಂಡಿ ಒತ್ತಿ, ಹಾಡು ಓಡುತ್ತಿರುವಾಗಲೇ ಕಾಂತ ಹಿಡಿಯದ ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸಿ. 'ಸ', 'ಶ' ಅಕ್ಷರಗಳು ಗರಿಷ್ಠ ಚುರುಕಾದ ಜಾಗದಲ್ಲಿ ನಿಲ್ಲಿಸಿ. ಮೊನೊ ಯಾಕೆ ಅಂದರೆ ಎರಡು ಚಾನೆಲ್ ಕೂಡಿದಾಗ ಸಣ್ಣ ವಾಲಾಟವೂ ಎದ್ದು ಕೇಳುತ್ತೆ. ಆಮೇಲೆ ಚೆನ್ನಾಗಿ ಓಡುವ ಕ್ಯಾಸೆಟ್ ಹಾಕಿ ವಾಪಸ್ ತನ್ನಿ. ಡಾಲ್ಬಿ (ಟೇಪಿನ ಸರಸರ ತಗ್ಗಿಸುವ ವ್ಯವಸ್ಥೆ) ಗುರುತು ಇಲ್ಲದ ಕ್ಯಾಸೆಟ್ಟಿಗೆ ಡಾಲ್ಬಿ ಹಾಕಿ ಮಂಕಾಯ್ತು ಅನ್ನೋರೂ ಇದ್ದಾರೆ. ಮೊದಲು ಆ ಗುಂಡಿ ನೋಡಿ.

ದನಿ ಏರಿಳಿದರೆ ಬೆಲ್ಟ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಚೌಕ ಅಡ್ಡಸೀಳಿನ ಬೆಲ್ಟು ಕೇಳಿ, ಹಳೆಯದು ಹಿಗ್ಗಿರುತ್ತೆ, ಅದರ ಸುತ್ತಳತೆಗಿಂತ 5% ಚಿಕ್ಕದು ತನ್ನಿ. ತೀರಾ ಬಿಗಿಯಾದರೆ ಮೋಟರಿನ ಬುಷ್ ಸವೆಯುತ್ತೆ.

ದನಿ ಬಂದು ಬಂದು ಹೋಗುತ್ತಿದ್ದರೆ ಕ್ಯಾಸೆಟ್ಟಿನೊಳಗೆ ಹೆಡ್ಡಿಗೆ ಎದುರಾಗಿ ಇರುವ ಪುಟ್ಟ ಫೆಲ್ಟ್ ಉದುರಿದೆ. ಹಳೆ ಅಂಟು ಪುಡಿಯಾಗುತ್ತೆ. ಅಂಟಿಸೋ ಬದಲು ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಬಿಚ್ಚಿ ಎರಡೂ ರೀಲು ಅದಕ್ಕೆ ಸಾಗಿಸಿ. ಎರಡೂ ಕಡೆಯ ಜಾರು ಹಾಳೆ ಮರೀಬೇಡಿ, ಮರೆತರೆ ರೀಲು ಕಿರುಗುಟ್ಟಿ ನಿಲ್ಲುತ್ತೆ. ಸ್ಕ್ರೂ ಇಲ್ಲದೆ ಬೆಸೆದ ಕ್ಯಾಸೆಟ್ ಆದರೆ ಅಂಚಿನ ಗುಂಟ ಬ್ಲೇಡ್ ಆಡಿಸಿ ತೆರೆಯಬೇಕು, ಟೇಪು ಇರುವ ಕಡೆಯಿಂದ ದೂರ.

ಕಡಲತಡಿ:
ರೀಲಿನ ಅಂಚಿನಲ್ಲಿ ಬಿಳಿ ಚುಕ್ಕೆ ಕಂಡರೆ ಡೆಕ್‌ಗೆ ಹಾಕಬಾರದಲ್ಲವಾ?

ರೀಲು_ಬಿಡೋನು:
ಖಂಡಿತ ಬೇಡ. ಬೂಷ್ಟು ಪಿಂಚ್ ರೋಲರಿಗೆ (ಟೇಪು ಒತ್ತಿ ಎಳೆಯುವ ರಬ್ಬರ್ ಗಾಲಿ) ಹತ್ತಿದರೆ ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತೆ. ಕೆಟ್ಟ ಡೆಕ್ ಒಂದನ್ನು ಇದಕ್ಕೇ ಮೀಸಲಿಟ್ಟು, ಒಣ ಹತ್ತಿ ಬಟ್ಟೆಯ ನಡುವೆ ಟೇಪು ಹಾಯುವಂತೆ ಮುಂದೆ ಹಿಂದೆ ಓಡಿಸಿ ಒರೆಸಿ, ಹೊಸ ಶೆಲ್ಲಿಗೆ ಹಾಕಿ, ಒಂದೇ ಸಲ 24 ಬಿಟ್‌ನಲ್ಲಿ ಕಂಪ್ಯೂಟರಿಗೆ ಇಳಿಸಿ. ಏರು ದನಿ −6 ಡೆಸಿಬೆಲ್ ದಾಟದ ಹಾಗೆ ಮಟ್ಟ ಇಡಿ. ಮುಖಕ್ಕೆ ಮಾಸ್ಕ್ ಇರಲಿ. ಸಿ-90 ಟೇಪು ಸುಮಾರು 12 ಮೈಕ್ರಾನ್, ಸಿ-120 ಬರೀ 9. ಇವನ್ನು ವೇಗದ ರಿವೈಂಡಿಗೆ ಹಾಕಬೇಡಿ, ಎಳೆದು ಹಿಗ್ಗುತ್ತೆ.

ಮೈಸೂರು_ಮೀಟು:
ಆಕಾಶವಾಣಿಯ ಸಂಗ್ರಹದಿಂದ ಬಂದ ಸಿಡಿಗಳನ್ನೂ ನೋಡಿ. ಅಲ್ಲಿ ಬದಿಯ ಗಡಿ ಇಲ್ಲ. ಎಲ್‌ಪಿಗಾಗಿ 20 ನಿಮಿಷಕ್ಕೆ ಕತ್ತರಿಸದ ಆಲಾಪನೆ, ತಾನ ಸಿಗುತ್ತದೆ. ಮುದ್ರಣದ ಸೊಬಗು ಎಲ್‌ಪಿಯಲ್ಲಿದ್ದರೂ ವಿಸ್ತಾರಕ್ಕೆ ರೇಡಿಯೊ ದಾಖಲೆಯೇ ಮೇಲು ಎಂಬುದು ನನ್ನ ಪಕ್ಷ.

ಕಪ್ಪು_ಒಂದು:
ವರದಿ. ಸ್ಟೀವನ್ಸನ್‌ಗೆ ತಿದ್ದಿ, ಎಂಎಲ್ ತುದಿ ಹಾಕಿ, ಭಾರ ಮತ್ತೆ 2.0ಕ್ಕೆ ಇಳಿಸಿದೆ. ಮೊದಲ ಬದಿಯ ದ್ರುತ ಈಗ ಸ್ವಚ್ಛ, ತಾನಿನ ಒಂದೊಂದು ಸ್ವರವೂ ಬಿಡಿಯಾಗಿ ಕೇಳುತ್ತೆ. ಎರಡನೇ ಬದಿಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಬಲ ಚಾನೆಲ್‌ನಲ್ಲಿ ಮಾತ್ರ.

ಜವಾರಿ_ಹುಬ್ಬಳ್ಳಿ:
ಆ್ಯಂಟಿ-ಸ್ಕೇಟಿಂಗ್ ಅರ್ಧ ಗೆರಿ ಏರಿಸಿ ನೋಡ್ರಿ. ಹೋಗಲಿಲ್ಲಂದ್ರ ಅದು ಹಿಂದಿನ ಮಾಲಕರು ಉಳಿಸಿ ಹೋಗಿದ್ದು, ಆ ಬದಿ ಎಡ ಚಾನೆಲ್ ಒಂದನ್ನ ಎರಡೂ ಸ್ಪೀಕರಿಗೆ ಕೊಟ್ಟು ಕೇಳ್ರಿ. ಮೊನೊ ಪ್ಲೇಟಾದ್ರ ಏನೂ ಕಳಕೊಳ್ಳೂದುಲ್ಲ.